ಕಾರವಾರದ ಕಾರಿಗೆ ಗ್ರೀಸ್–ಇಟಲಿ ಫೆರಿ: ಸ್ವಂತ ಗಾಡಿಯ ದೂರಪ್ರಯಾಣಕ್ಕೆ ತಯಾರಿ

ಕೆಎ-30 (ಕಾರವಾರ) ಅಥವಾ ಕೆಎ-31 (ಶಿರಸಿ) ನಂಬರಿನ ಗಾಡಿಯನ್ನು ಯುರೋಪಿನಲ್ಲಿ ಓಡಿಸಬಹುದು. ಹೆಚ್ಚಿನವರು ನಕಾಶೆ ಹರಡಿಕೊಂಡು ಊರುಗಳ ಪಟ್ಟಿಯಿಂದ ಶುರುಮಾಡಿ ಅಲ್ಲೇ ಎಡವುತ್ತಾರೆ. ಮೊದಲು ಕಾಗದಪತ್ರ, ಆಮೇಲೆ ಗಾಡಿ, ಊರುಗಳು ಕೊನೆಗೆ.

ಇಲ್ಲಿ ಹಿಡಿದಿರುವ ದಾರಿ ಹೀಗಿದೆ: ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನವರೆಗೆ ರಸ್ತೆ, ಅಲ್ಲಿಂದ ಗ್ರೀಸಿನ ಪಿರೇಯಸ್‌ಗೆ ಕಂಟೇನರ್, ಮತ್ತೆ ರಸ್ತೆಯಲ್ಲಿ ಪಾತ್ರಾಸ್ ಅಥವಾ ಇಗುಮೆನಿತ್ಸಾ, ಅಲ್ಲಿಂದ ಫೆರಿ ಹತ್ತಿ ಇಟಲಿ. ಗ್ರೀಸಿನಿಂದ ಇಟಲಿಗೆ ರಸ್ತೆಯೂ ಇದೆ. ಆದರೆ ಹತ್ತಿರದ ರಸ್ತೆಗಳು ಅಲ್ಬೇನಿಯಾ ಇಲ್ಲವೇ ಸರ್ಬಿಯಾ ಮೂಲಕ ಹೋಗುತ್ತವೆ, ಇವೆರಡೂ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿನವು. ನಿಮ್ಮ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಹೊರಗೆ ಕಾಲಿಟ್ಟ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ಫೆರಿಯಲ್ಲಿ ಆ ತಾಪತ್ರಯವಿಲ್ಲ, ಜೊತೆಗೆ ಒಂದು ರಾತ್ರಿಯ ವಸತಿಯೂ ಆಯಿತು.

ಕಾಗದಪತ್ರ

ಮೊದಲು ಆರ್‌ಸಿ ಮತ್ತು ಪಾಸ್‌ಪೋರ್ಟನ್ನು ಅಕ್ಕಪಕ್ಕ ಇಟ್ಟು ಹೆಸರು ಓದಿ. ನಮ್ಮ ಕಡೆ ಆರ್‌ಸಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಬಿಡಿಸಿ ಬರೆದಿರುವುದು ಮಾಮೂಲು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಕಸ್ಟಮ್ಸ್‌ನವರು ಕೇಳುತ್ತಾರೆ. ಉಳಿದ ಯಾವ ಅರ್ಜಿ ಹಾಕುವ ಮುಂಚೆಯೂ ಆರ್‌ಟಿಒದಲ್ಲಿ ಇದನ್ನು ಸರಿಮಾಡಿಸಿಕೊಳ್ಳಿ. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.

ಕಾರ್ನೆ ಎಂಬುದು ಗಾಡಿಯ ಪಾಸ್‌ಪೋರ್ಟ್ ಇದ್ದಂತೆ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ಒಂದು ವರ್ಷ ಚಾಲ್ತಿ. ಪ್ರತಿ ಹಾಳೆಯಲ್ಲೂ ಮೂರು ಭಾಗ: ಒಳಬರುವಾಗ ಹರಿಯುವ ಚೀಟಿ, ಹೊರಹೋಗುವಾಗ ಹರಿಯುವ ಚೀಟಿ, ಪುಸ್ತಕದಲ್ಲೇ ಉಳಿಯುವ ಚೂರು. ಯುರೋಪಿನ ಒಕ್ಕೂಟ ಕಾರ್ನೆ ಕಡ್ಡಾಯ ಮಾಡಿಲ್ಲ; ಪ್ರವಾಸಿಯ ವಿದೇಶಿ ಗಾಡಿಗೆ ಸುಂಕವಿಲ್ಲದೆ ಆರು ತಿಂಗಳು ಅವಕಾಶ ಕೊಡುತ್ತದೆ. ಆದರೂ ಮಾಡಿಸಿಟ್ಟುಕೊಳ್ಳುವುದೇ ಲೇಸು. ಊರು ಬಿಟ್ಟ ಗಾಡಿಯೇ ವಾಪಸು ಬಂದಿದೆ ಎಂದು ತೋರಿಸಲು ಎಂಜಿನ್, ಚಾಸಿ ನಂಬರಿನ ದಾಖಲೆ ಕೈಯಲ್ಲಿರುತ್ತದೆ. ಇದಕ್ಕೆ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಒಂದು ಮುದ್ರೆ ತಪ್ಪಿದರೂ ಆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಕೌಂಟರ್ ಬಿಡುವ ಮುಂಚೆ ಮುದ್ರೆ, ಸಹಿ, ತಾರೀಖು ಮೂರೂ ಬಿದ್ದಿವೆಯೇ ನೋಡಿ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ: ಫಾರಂ 4ಎ, ಒಂದು ವರ್ಷದ ಅವಧಿ. ಊರಿನ ಮೂಲ ಲೈಸೆನ್ಸೂ ಜೊತೆಗಿರಬೇಕು. ಗಾಡಿಯ ಹಿಂಬದಿಗೆ ಐಎನ್‌ಡಿ ಅಕ್ಷರಗಳ ಅಂಡಾಕಾರದ ಸ್ಟಿಕ್ಕರ್ ಅಂಟಿಸಿ.

ವಿಮೆಯ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ನಮ್ಮ ಮೋಟಾರ್ ಪಾಲಿಸಿಯನ್ನು ಹೆಚ್ಚುವರಿ ಹಣ ಕೊಟ್ಟು ವಿಸ್ತರಿಸಬಹುದಾದರೂ ಅದು ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗೆ ಮುಗಿಯಿತು. ಯುರೋಪಿಗೆ ಅಲ್ಲಿಯದೇ ಗಡಿ ವಿಮೆ ಬೇಕು. ಪಿರೇಯಸ್‌ನ ಕ್ಲಿಯರಿಂಗ್ ಏಜೆಂಟರ (ಕಸ್ಟಮ್ಸ್ ಕೆಲಸ ಮಾಡಿಸಿಕೊಡುವವರು) ಮೂಲಕ ಮೊದಲೇ ಮಾತಾಡಿಟ್ಟುಕೊಳ್ಳಿ. ವಿಮೆ ಕೈಗೆ ಬರದೆ ಗಾಡಿಯನ್ನು ಬಂದರಿನ ಗೇಟು ದಾಟಿಸುವ ಹಾಗಿಲ್ಲ.

ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ. ಯಾವುದೇ 180 ದಿನಗಳಲ್ಲಿ ಒಳಗಿರಬಹುದಾದದ್ದು ಹೆಚ್ಚೆಂದರೆ 90 ದಿನ. ಹೋದ ದಿನ, ಬಿಟ್ಟ ದಿನ ಎರಡೂ ಲೆಕ್ಕಕ್ಕೆ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುಖದ ಫೋಟೊ ತೆಗೆದು ಕಂಪ್ಯೂಟರಿನಲ್ಲೇ ದಿನ ಎಣಿಸುವ ಪದ್ಧತಿ ಶುರುವಾಗಿದೆ. ಗಾಡಿಗೆ ಆರು ತಿಂಗಳು ಸಿಕ್ಕಿತೆಂದು ನಿಮಗೂ ಆರು ತಿಂಗಳು ಎಂದುಕೊಳ್ಳಬೇಡಿ.

ಕಂಟೇನರ್

20 ಅಡಿ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್, ಬಾಗಿಲಿನ ಅಗಲ ಸುಮಾರು 2.34, ಎತ್ತರ ಸುಮಾರು 2.28. ಇನ್ನೋವಾ ಕ್ರಿಸ್ಟಾದ ಅಗಲ 1.83 ಮೀಟರ್. ನಟ್ಟನಡುವೆ ನಿಲ್ಲಿಸಿದರೂ ಎರಡು ಬದಿಗೆ ಉಳಿಯುವುದು ಒಂದೊಂದು ಗೇಣು. ಕನ್ನಡಿ ಮಡಚಿ ಒಳಗೆ ತಂದ ಮೇಲೆ ಚಾಲಕ ಬಾಗಿಲು ತೆರೆದು ಇಳಿಯಲು ಜಾಗ ಸಾಲದು. ಹಿಂದಿನ ಡಿಕ್ಕಿಯಿಂದಲೋ ಕಿಟಕಿಯಿಂದಲೋ ಹೊರಬರಬೇಕು. ಹಾಗಾಗಿ ಹಿಂದಿನ ಸೀಟಿನಲ್ಲಿ ಸಾಮಾನು ಒಟ್ಟಬೇಡಿ. ಇಬ್ಬರು ಸ್ನೇಹಿತರು ಕೂಡಿದರೆ 40 ಅಡಿಯ ಒಂದೇ ಪೆಟ್ಟಿಗೆಯಲ್ಲಿ ಎರಡು ಗಾಡಿ ಹೋಗುತ್ತವೆ.

ಕಡಲಂಚಿನ ಗಾಡಿಗಳಿಗೆ ಒಂದು ವಿಶೇಷ ಕೆಲಸವಿದೆ. ಉಪ್ಪುಗಾಳಿಗೆ ಚಾಸಿ ನಂಬರಿನ ಮೇಲೆ ತುಕ್ಕು ಹಿಡಿದು ಅಂಕಿ ಕಾಣಿಸದಿದ್ದರೆ ತಪಾಸಣೆಯಲ್ಲಿ ಗಾಡಿ ನಿಂತುಬಿಡುತ್ತದೆ. ಮೆದು ಬ್ರಷ್ಷಿನಿಂದ ತಿಕ್ಕಿ, ಎಣ್ಣೆ ಸವರಿ, ಫೋಟೊ ತೆಗೆದಿಡಿ. ಅಡಿಭಾಗದ ಕೆಂಪು ಮಣ್ಣನ್ನು ಪೂರ್ತಿ ತೊಳೆಸಿ, ಆಮೇಲೆ ಕಾರ್ಪೆಟ್ ಎರಡು ದಿನ ಬಿಸಿಲಿಗೆ ಒಣಗಲಿ. ಹಸಿ ಉಳಿದರೆ ಮುಚ್ಚಿದ ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ತೇವ ಹೀರುವ ಪೊಟ್ಟಣಗಳನ್ನು ಸೀಟಿನಡಿ ಇಡಿ. ಡೀಸೆಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇರಲಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಲಿ, ಒಂದು ಕೀಲಿ ಮಾತ್ರ ಏಜೆಂಟರಿಗೆ.

ತಿನ್ನುವ ಪದಾರ್ಥ ಗಾಡಿಯಲ್ಲಿ ಬೇಡವೇ ಬೇಡ. ವಿಮಾನದ ಬ್ಯಾಗಿನಲ್ಲೂ ಹಾಲಿನ ಪದಾರ್ಥಕ್ಕೆ ತಡೆ ಇದೆ, ಅಂದರೆ ತುಪ್ಪ ಮನೆಯಲ್ಲೇ ಬಿಡಬೇಕು. ಕರಿಬೇವೂ ಬೇಡ. ಬ್ಯಾಗಿನ ತೆಂಗಿನಕಾಯಿಗೆ ಯುರೋಪಿನ ಗಡಿಯಲ್ಲಿ ತಡೆಯಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಆತಂಕ ಕಸ್ಟಮ್ಸ್‌ದಲ್ಲ, ಎಣ್ಣೆ ಸೋರುವುದರದ್ದು.

ಹಡಗು ತಲುಪುವ ದಿನವನ್ನು ಯಾರೂ ಖಾತ್ರಿ ಕೊಡಲಾರರು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಅನೇಕ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋದವು. ಎರಡು ತಿಂಗಳ ಅವಕಾಶ ಇಟ್ಟುಕೊಂಡು, ಕಂಟೇನರ್ ಪಿರೇಯಸ್‌ನಲ್ಲಿ ಇಳಿದ ಸುದ್ದಿ ಬಂದ ಮೇಲೆ ವಿಮಾನದ ಟಿಕೆಟ್ ಕೊಳ್ಳಿ. ಮುಂಚೆಯೇ ಹೋಗಿ ಕೂತರೆ 90 ದಿನಗಳಲ್ಲಿ ಹೋಟೆಲಿನಲ್ಲೇ ಕೆಲವು ಕರಗುತ್ತವೆ. ತೀರ ತಡಮಾಡಿದರೆ ಬಂದರಿನ ದಿನಬಾಡಿಗೆ ಏರುತ್ತದೆ.

ಫೆರಿ

ಇಗುಮೆನಿತ್ಸಾದಿಂದ ಇಟಲಿಯ ಬಾರಿ ಬಂದರಿಗೆ ಒಂದು ರಾತ್ರಿಯ ದಾರಿ. ಪಾತ್ರಾಸ್‌ನಿಂದ ಇಟಲಿಯದೇ ಅಂಕೋನಾ ಬಂದರಿಗೆ ಹೆಚ್ಚುಕಡಿಮೆ ಒಂದು ಪೂರ್ತಿ ದಿನ. ಪಿರೇಯಸ್‌ನಿಂದ ಪಾತ್ರಾಸ್ ಸುಮಾರು 220 ಕಿ.ಮೀ., ಇಗುಮೆನಿತ್ಸಾ ಅದರ ಎರಡು ಪಟ್ಟಿಗೂ ಹೆಚ್ಚು. ಇಟಲಿಯ ಉತ್ತರಕ್ಕೆ ಹೋಗುವವರಿಗೆ ಅಂಕೋನಾ ವಾಸಿ. ತಾರೀಖು ಬದಲಿಸಲು ಬಿಡುವ ಟಿಕೆಟ್ಟನ್ನೇ ಕೊಳ್ಳಿ, ಆಗಸ್ಟ್ ಬಿಟ್ಟುಬಿಡಿ.

ಬುಕಿಂಗಿನಲ್ಲಿ ಗಾಡಿಯ ಉದ್ದ, ಎತ್ತರ ಕೇಳುತ್ತಾರೆ. ಮೇಲಿನ ಕ್ಯಾರಿಯರ್, ಹಿಂದಿನ ಸ್ಟೆಪ್ನಿ ಎಲ್ಲ ಸೇರಿಸಿ ಟೇಪಿನಲ್ಲಿ ಅಳೆಯಿರಿ. ಆರ್‌ಸಿ ಅಳತೆ ಸಾಲದು. ತಪ್ಪು ಬರೆದರೆ ಬಂದರಿನಲ್ಲಿ ವ್ಯತ್ಯಾಸದ ಹಣ ಕಟ್ಟಿಸುತ್ತಾರೆ, ಇಲ್ಲವೇ ಜಾಗವಿಲ್ಲ ಎನ್ನುತ್ತಾರೆ. ಸಿಎನ್‌ಜಿ ಕಿಟ್ ಇದ್ದರೆ ಬುಕ್ ಮಾಡುವ ಮೊದಲೇ ಕೇಳಿ. ಕ್ಯಾನಿನಲ್ಲಿ ಡೀಸೆಲ್ ಒಯ್ಯಬೇಡಿ.

ಎರಡು ಗಂಟೆ ಮುಂಚೆ ಬಂದರಿನಲ್ಲಿರಿ. ಕೌಂಟರಿನಲ್ಲಿ ಪಾಸ್‌ಪೋರ್ಟ್, ಆರ್‌ಸಿ ತೋರಿಸಿ ಬೋರ್ಡಿಂಗ್ ಕಾರ್ಡ್ ತೆಗೆದುಕೊಂಡು, ನಿಮ್ಮ ಬಂದರಿನ ಹೆಸರಿರುವ ಸಾಲಿನಲ್ಲೇ ನಿಲ್ಲಿ. ಹಲವು ಕಡೆ ಚಾಲಕ ಒಬ್ಬನೇ ಗಾಡಿಯಲ್ಲಿ, ಉಳಿದವರು ನಡೆದು ಹತ್ತಬೇಕು. ಆದ್ದರಿಂದ ಅವರವರ ಪಾಸ್‌ಪೋರ್ಟ್ ಅವರವರ ಕೈಯಲ್ಲಿರಲಿ. ಸೇತುವೆ ಆಗುವ ಮುಂಚೆ ಸಿಗಂದೂರು ಲಾಂಚಿಗೆ ಗಾಡಿ ಹತ್ತಿಸಿದವರಿಗೆ ಮುಂದಿನದು ಹೊಸತಲ್ಲ: ಕೆಲವೊಮ್ಮೆ ರಿವರ್ಸಿನಲ್ಲೇ ಒಳಗೆ ಹೋಗಬೇಕು, ಆಗ ಕೈಬೀಸುವವನನ್ನು ನಂಬಬೇಕು. ನಿಲ್ಲಿಸಿ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಅಲಾರಂ ಆಫ್ ಮಾಡಿ. ಇಲ್ಲದಿದ್ದರೆ ಹಡಗು ಓಲಾಡಿದಂತೆ ಅದು ರಾತ್ರಿಯಿಡೀ ಕೂಗಿ ಬ್ಯಾಟರಿ ಬರಿದಾಗುತ್ತದೆ. ಹಡಗು ಹೊರಟ ಮೇಲೆ ಗಾಡಿಯ ಅಂತಸ್ತಿಗೆ ಬೀಗ. ಮಾತ್ರೆ, ಚಾರ್ಜರ್, ಸ್ವೆಟರ್, ಎಲ್ಲ ಕಾಗದ ಒಂದು ಚೀಲದಲ್ಲಿ ಮೇಲೆ ಒಯ್ಯಿರಿ. ಅಂತಸ್ತಿನ ನಂಬರಿನ ಫೋಟೊ ಹೊಡೆದುಕೊಳ್ಳಿ. ಇಟಲಿಯ ಗಡಿಯಾರ ಗ್ರೀಸಿಗಿಂತ ಒಂದು ಗಂಟೆ ಹಿಂದೆ.

ರಸ್ತೆ

ಅಲ್ಲಿ ಬಲಗಡೆ ಸಂಚಾರ, ನಮ್ಮ ಸ್ಟಿಯರಿಂಗೂ ಬಲಗಡೆ. ಓವರ್‌ಟೇಕಿಗೆ ಎದುರಿನ ರಸ್ತೆ ಕಾಣುವುದು ಪಕ್ಕದ ಸೀಟಿನವರಿಗೆ ಮಾತ್ರ. ಟೋಲ್ ಚೀಟಿ ಎಳೆಯುವುದೂ ಅವರ ಕೆಲಸ. ಒಬ್ಬರೇ ಹೋಗುವ ಯೋಚನೆ ಇದ್ದರೆ ಬಿಡಿ. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಗಾಜಿಗೆ ಸ್ಟಿಕ್ಕರ್ ಅಂಟಿಸಬೇಕು. ಇಟಲಿಯ ಹಳೆಯ ಪೇಟೆಗಳ ಜೆಡ್‌ಟಿಎಲ್ ವಲಯಕ್ಕೆ (ಪರವಾನಗಿ ಇಲ್ಲದ ಗಾಡಿಗೆ ಪ್ರವೇಶವಿಲ್ಲದ ಜಾಗ) ನುಗ್ಗಿದರೆ ಕ್ಯಾಮರಾ ನಂಬರ್ ಹಿಡಿಯುತ್ತದೆ. ಗಾಡಿ ಹೊರಗೆ ಬಿಟ್ಟು ನಡೆಯಿರಿ.

ವಾಪಸಿನ ಕಂಟೇನರ್ ಜೂನ್–ಜುಲೈನಲ್ಲಿ ಮುಂಬೈ ಸೇರಿದರೆ ಕರಾವಳಿ ಹೆದ್ದಾರಿಯ ಸ್ಥಿತಿ ವಿಚಾರಿಸದೆ ಹೊರಡಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಹಲವು ದಿನ ಬಂದ್ ಆಗಿತ್ತು. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೂಲಕ ಬರುವುದು ಮಳೆಗಾಲದಲ್ಲಿ ಒಳ್ಳೆಯದು, ಶಿರಸಿಯವರಿಗಂತೂ ಅದೇ ನೇರ. ಚೌತಿಯ ಮುಂಚಿನ ವಾರವಾದರೆ ಕೊಂಕಣದ ದಾರಿಯ ಹೆಸರೇ ಎತ್ತಬೇಡಿ. ಮುಂಬೈಯವರೆಲ್ಲ ಆಗ ಅದೇ ದಾರಿಯಲ್ಲಿ ಊರಿಗೆ ಹೊರಟಿರುತ್ತಾರೆ.