ಶ್ವಾಸಕೋಶದ ಕಫ ಎಷ್ಟು ಸ್ಪೀಡಲ್ಲಿ ಮೇಲೆ ಬರುತ್ತೆ? ಲ್ಯಾಪ್‌ಟಾಪಲ್ಲೇ ಲೆಕ್ಕ ಹಾಕಿ

ಮಡಿಕೇರಿ ಮಳೇಲಿ ಕರೆಂಟ್ ನಂಬೋಕಾಗಲ್ಲ, ಮೊದ್ಲು ಚಾರ್ಜ್ ಹಾಕ್ಕೊಳ್ಳಿ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಸಾಕು, ದೊಡ್ಡ ಸಾಫ್ಟ್‌ವೇರ್ ಏನೂ ಬೇಡ.

ಶ್ವಾಸನಾಳನ 0ನೇ ಹಂತ ಅಂತ ಇಟ್ಕೊಳ್ಳಿ, ಅಲ್ಲಿಂದ ಪ್ರತಿ ಕೊಳವೆ ಎರಡೆರಡಾಗಿ ಒಡೀತಾ ಹೋಗುತ್ತೆ, ವೈಬೆಲ್ ಅನ್ನೋ ವಿಜ್ಞಾನಿ 1963ರಲ್ಲಿ ಕೊಟ್ಟ ಶ್ವಾಸಕೋಶದ ಮಾದರೀಲಿ 23 ಸಲ, ನಮ್ಗೆ 16ರ ತನಕ ಸಾಕು. ವ್ಯಾಸ 18 ಮಿ.ಮೀ.ನಿಂದ ಶುರು, ಪ್ರತಿ ಹಂತಕ್ಕೂ 0.79ರಿಂದ ಗುಣಿಸಿ.

ಕಫ ಮಾತ್ರ ಒಳಗಿಂದ ಮೇಲಕ್ಕೆ ಬರುತ್ತೆ, ಭಾಗಮಂಡಲದಲ್ಲಿ ಕನ್ನಿಕೆ ಬಂದು ಕಾವೇರಿಗೆ ಸೇರೋ ಹಾಗೆ ಎರಡು ಸಣ್ಣ ಕೊಳವೇದು ಒಂದು ದೊಡ್ಡದಕ್ಕೆ. ಕೊಳವೆ ಗೋಡೆ ಮೇಲಿನ ಕಫದ ಪದರದ ದಪ್ಪ ಎಲ್ಲಾ ಕಡೆ ಒಂದೇ, ದಾರೀಲಿ ಹೊಸದು ಸೇರಲ್ಲ, ಇರೋದು ಇಂಗಲ್ಲ ಅಂದ್ಕೊಳ್ಳಿ. ಸುಳ್ಳೇ, ಆದ್ರೂ ಶುರುಗೆ ನಡೆಯುತ್ತೆ. ಆಗ ಒಳಗೆ ಹೋದಂಗೆ ಒಂದೊಂದು ಹಂತಕ್ಕೂ ಕೊಳವೆ ಎರಡರಷ್ಟು, ಒಂದೊಂದರ ಸುತ್ತಳತೆ 0.79ರಷ್ಟು, ಅದಕ್ಕೇ ವೇಗ ಹಿಂದಿನದರ 1 ÷ (2 × 0.79), ಅಂದ್ರೆ 0.63ರಷ್ಟು ಆಗುತ್ತೆ. ಶ್ವಾಸನಾಳದಲ್ಲಿ ನಿಮಿಷಕ್ಕೆ 5 ಮಿ.ಮೀ. ಕೊಟ್ರೆ 10ನೇ ಹಂತದಲ್ಲಿ ಬರೀ 0.05. ನಾನು ಮೊದಲ ಸಲ ಗುಣಿಸೋ ಬದ್ಲು ಭಾಗಿಸ್ಬಿಟ್ಟು ಕಫ ನಿಮಿಷಕ್ಕೆ ಅರ್ಧ ಮೀಟರ್ ಓಡ್ತಿತ್ತು!

ಇದು ಸರಿ ಬಂದ್ಮೇಲೆ ಸಿಲಿಯಾ ಸೇರಿಸಿ, ಕೊಳವೆ ಒಳಗೋಡೇಲಿ ಕಫನ ಮೇಲಕ್ಕೆ ತಳ್ಳೋ ಆ ಪುಟ್ಟ ಕೂದಲುಗಳು ಸೆಕೆಂಡಿಗೆ ಹತ್ತು ಹನ್ನೆರಡು ಸಲ ಬಡಿಯುತ್ತೆ. ಕಫ ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಥರ ಬರೀ ಮಂದ ಅಲ್ಲ, ಎಳೆದು ಬಿಟ್ರೆ ರಬ್ಬರ್ ಥರ ವಾಪಸ್ಸೂ ಬರುತ್ತೆ, ಕೋಡ್ ತಲೆ ತಿನ್ನೋದು ಅಲ್ಲೇ.