ಸಿಮ್ಯುಲೇಟರ್ ಕೊಡುವ ಮೆಮೊರಿ ಅಂಕಿಅಂಶಗಳನ್ನು ಓದುವುದು ಹೇಗೆ?

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್ ಕುರಿತು ಪ್ರಾಜೆಕ್ಟ್ ಮಾಡುವವರಿಗೂ, ಹೊರವರ್ತುಲ ರಸ್ತೆಯ ಚಿಪ್ ವಿನ್ಯಾಸ ಕಂಪನಿಗಳಿಗೆ ಹೊಸದಾಗಿ ಸೇರುವವರಿಗೂ, ಸಿಪಿಯು ಮತ್ತು ಮೆಮೊರಿಯ ವರ್ತನೆಯನ್ನು ತಂತ್ರಾಂಶದಲ್ಲೇ ಅನುಕರಿಸುವ ಜೆಮ್5 ಪರಿಚಿತ ಹೆಸರು. ಮಿಶಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಸಿಮ್ಯುಲೇಟರ್‌ಗಳು ಒಂದಾಗಿ ರೂಪುಗೊಂಡ ಈ ತಂತ್ರಾಂಶ ಪ್ರತಿ ಓಟದ ಕೊನೆಗೆ ನೂರಾರು ಸಾಲುಗಳ ಅಂಕಿಅಂಶ ಕಡತವೊಂದನ್ನು ಬರೆದಿಡುತ್ತದೆ. ಸಿಪಿಯು ಕೇಳಿದ ಡೇಟಾ ಅದರ ಪಕ್ಕದ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಸಿಕ್ಕರೆ ಹಿಟ್, ಸಿಗದಿದ್ದರೆ ಮಿಸ್. ಕಡತದಿಂದ ‘ಮಿಸ್ ದರ ಶೇ 2’ ಎಂಬ ಒಂದು ಸಾಲನ್ನು ಹೆಕ್ಕಿ ವರದಿಗೆ ಸೇರಿಸುವುದು ಸುಲಭ. ವೈವಾದಲ್ಲಿ ‘ಯಾವುದರ ಶೇ 2?’ ಎಂದು ಕೇಳಿದಾಗ ಉತ್ತರಿಸುವುದು ಕಷ್ಟ. ಇಡೀ ಕಡತವನ್ನು ಓದುವಾಗ ಕೈಯಲ್ಲಿ ಹಿಡಿದಿರಬೇಕಾದ ಪ್ರಶ್ನೆ ಅದೇ.

ಮೊದಲು ಉತ್ತರ ಗೊತ್ತಿರುವ ಪ್ರೋಗ್ರಾಮ್ ಒಂದನ್ನು ಓಡಿಸಬೇಕು. 1024 ಸಾಲು, 1024 ಕಂಬಗಳ ಮ್ಯಾಟ್ರಿಕ್ಸ್ ಒಂದರ ಮೊತ್ತ ಹಾಕುವುದು ಸಾಕು. ಒಂದೊಂದು ಅಂಶವೂ 8 ಬೈಟ್ ಇದ್ದರೆ ಒಟ್ಟು 8 ಎಂಬಿ ಆಗುತ್ತದೆ. ಮೊದಲ ಹಂತದ ಡೇಟಾ ಕ್ಯಾಶ್ 32 ಕೆಬಿ, ಎರಡನೆಯದು 256 ಕೆಬಿ, ಲೈನ್ (ಕ್ಯಾಶ್‌ಗೆ ಒಮ್ಮೆಗೆ ತರುವ ತುಂಡು) 64 ಬೈಟ್, ಎರಡೂ 8 ವೇ (ಕ್ಯಾಶ್‌ನ ಒಂದೊಂದು ಗುಂಪಿನಲ್ಲಿ, ಅಂದರೆ ಸೆಟ್‌ನಲ್ಲಿ, 8 ಲೈನ್‌ಗಳಿಗೆ ಜಾಗ), ಬದಲಿ ನೀತಿ ಎಲ್‌ಆರ್‌ಯು (ಬಹಳ ಹೊತ್ತಿನಿಂದ ಬಳಸದ ಲೈನನ್ನು ಮೊದಲು ಹೊರಹಾಕುವುದು), ಮುಂದೆ ಬೇಕಾಗುವುದನ್ನು ಊಹಿಸಿ ಮೊದಲೇ ತರಿಸುವ ಪ್ರಿಫೆಚರ್ ಇಲ್ಲ ಎಂದಿಟ್ಟುಕೊಳ್ಳೋಣ. ಸಿಪಿಯು ಮಾದರಿ, ಒಂದೊಂದು ಮೆಮೊರಿ ಬೇಡಿಕೆ ಮುಗಿಯುವವರೆಗೂ ಕಾಯುವ ಟೈಮಿಂಗ್ ಸಿಂಪಲ್ ಆಗಿರಲಿ; ಅಟಾಮಿಕ್ ಮಾದರಿ ಮೆಮೊರಿಯ ಕಾಯುವಿಕೆಯನ್ನು ಸರಿಯಾಗಿ ಅನುಕರಿಸುವುದಿಲ್ಲವಾದ್ದರಿಂದ ಅದರ ವಿಳಂಬದ ಅಂಕಿಗಳನ್ನು ನಂಬಿ ಪ್ರಯೋಜನವಿಲ್ಲ.

ಮ್ಯಾಟ್ರಿಕ್ಸ್‌ಗೆ ಬೆಲೆ ತುಂಬುವ ಭಾಗ ಲೆಕ್ಕಕ್ಕೆ ಸೇರಬಾರದು. ಮೊತ್ತ ಹಾಕುವ ಲೂಪ್‌ಗೆ ಮುಂಚೆ ಅಂಕಿಗಳನ್ನು ರೀಸೆಟ್ ಮಾಡುವ, ಮುಗಿದೊಡನೆ ಡಂಪ್ ಮಾಡುವ ಆದೇಶಗಳನ್ನು ಪ್ರೋಗ್ರಾಮಿನಲ್ಲೇ ಸೇರಿಸಬೇಕು. ಆಗ ಕಡತದಲ್ಲಿ ಎರಡು ಕಂತೆಗಳು ಕಾಣುತ್ತವೆ: ಮೊದಲನೆಯದು ನಮ್ಮ ಲೂಪಿನದು, ಎರಡನೆಯದು ಓಟ ಮುಗಿಯುವಾಗ ತಾನಾಗಿ ಬಿದ್ದದ್ದು.

ಸಾಲಿನ ಗುಂಟ ಓದಿದರೆ ಒಂದು ಲೈನಿನಲ್ಲಿ 8 ಅಂಶಗಳಿರುವುದರಿಂದ ಎಂಟಕ್ಕೊಂದು ಮಿಸ್, ಅಂದರೆ ಒಟ್ಟು 1,31,072 ಮಿಸ್, ಶೇ 12.5 ದರ ಬರಬೇಕು. ಆದರೆ ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದ ಪ್ರೋಗ್ರಾಮಿನಲ್ಲಿ ಲೂಪಿನ ಎಣಿಕೆಯೂ ಮೊತ್ತವೂ ಸ್ಟ್ಯಾಕ್‌ನಲ್ಲಿ, ಅಂದರೆ ಮೆಮೊರಿಯಲ್ಲೇ, ಇರುತ್ತವೆ. ಪ್ರತಿ ಸುತ್ತಿನಲ್ಲೂ ಅವುಗಳನ್ನು ಓದಿ ಬರೆಯುವ ಆಕ್ಸೆಸ್‌ಗಳೆಲ್ಲ ಹಿಟ್ ಆಗಿ ಛೇದವನ್ನು ಹಿಗ್ಗಿಸುತ್ತವೆ. ಸುತ್ತಿಗೆ ಒಂದರ ಬದಲು ಎಂಟು ಆಕ್ಸೆಸ್ ನಡೆದರೆ ದರ ಶೇ 1.6ರ ಆಸುಪಾಸಿಗೆ ಇಳಿಯುತ್ತದೆ. ಕ್ಯಾಶ್ ಒಂದಿಷ್ಟೂ ಸುಧಾರಿಸಿಲ್ಲ, ಪ್ರೋಗ್ರಾಮ್ ನಿಧಾನವಾಗಿದೆ, ದರ ಮಾತ್ರ ಚೆಂದವಾಗಿದೆ! ಆದ್ದರಿಂದ ಎರಡು ಓಟಗಳನ್ನು ಹೋಲಿಸುವಾಗ ದರಕ್ಕಿಂತ ಮುಂಚೆ ಮಿಸ್‌ಗಳ ಸಂಖ್ಯೆಯನ್ನು ನೋಡುವುದು ಮೇಲು.

ಎರಡನೇ ಹಂತದ ಕ್ಯಾಶ್‌ನ ದರ ನೋಡಿ ಹಲವರು ಗಾಬರಿಯಾಗುತ್ತಾರೆ. ಮೊದಲ ಹಂತದಲ್ಲಿ ಸಿಗದೆ ಬಂದ ಬೇಡಿಕೆಗಳಷ್ಟೇ ಅಲ್ಲಿನ ಛೇದ; ಪೂರಕ ಪರೀಕ್ಷೆಯ ಫಲಿತಾಂಶ ನೋಡಿ ಇಡೀ ಕಾಲೇಜಿನ ಗುಣಮಟ್ಟ ಅಳೆಯಲು ಹೇಗೆ ಬರುವುದಿಲ್ಲವೋ ಹಾಗೆಯೇ ಇದೂ. ನಮ್ಮ ಸಾಲಿನ ಓದಿನಲ್ಲಿ ಪ್ರತಿ ಲೈನೂ ಒಮ್ಮೆ ಮಾತ್ರ ಬೇಕಾಗುವುದರಿಂದ, ಮ್ಯಾಟ್ರಿಕ್ಸ್‌ನ ಮಟ್ಟಿಗೆ ಅಲ್ಲಿ ಶೇ 100ರ ಹತ್ತಿರದ ಮಿಸ್ ದರ ಬರುವುದು ಸಹಜ.

ವಿಳಂಬದ ಅಂಕಿಗಳು ಟಿಕ್‌ಗಳಲ್ಲಿರುತ್ತವೆ. ಜೆಮ್5ರಲ್ಲಿ ಪೂರ್ವನಿಗದಿತವಾಗಿ ಒಂದು ಟಿಕ್ ಎಂದರೆ ಒಂದು ಪಿಕೊಸೆಕೆಂಡ್. ಸರಾಸರಿ ಮಿಸ್ ವಿಳಂಬ 80,000 ಎಂದಿದ್ದರೆ ಅದು 80 ನ್ಯಾನೊಸೆಕೆಂಡ್. 2 ಗಿಗಾಹರ್ಟ್ಸ್ ಸಿಪಿಯುಗೆ 160 ಸೈಕಲ್.

ಇದೇ ಪ್ರೋಗ್ರಾಮನ್ನು, ಆದೇಶಗಳನ್ನು ಸರದಿಗೆ ಕಾಯದೆ ನಡೆಸುವ ಔಟ್ ಆಫ್ ಆರ್ಡರ್ ಮಾದರಿಯಲ್ಲಿ ಓಡಿಸಿದರೆ ಮಿಸ್‌ಗಳು ಲೆಕ್ಕಕ್ಕಿಂತ ಹೆಚ್ಚಾಗಿ ಕಾಣಬಹುದು. ಒಂದು ಲೈನ್ ಬಂದು ಸೇರುವ ಮೊದಲೇ ಅದೇ ಲೈನಿನ ಮುಂದಿನ ಅಂಶಗಳಿಗೂ ಸಿಪಿಯು ಬೇಡಿಕೆ ಇಟ್ಟಿರುತ್ತದೆ, ಅವೂ ಮಿಸ್ ಎಂದೇ ದಾಖಲಾಗುತ್ತವೆ. ತರಿಸುತ್ತಿರುವ ಲೈನ್‌ಗಳ ಪಟ್ಟಿಯನ್ನು ಕ್ಯಾಶ್ ಎಂಎಸ್‌ಎಚ್‌ಆರ್‌ಗಳಲ್ಲಿ ಇಟ್ಟುಕೊಂಡಿರುತ್ತದೆ. ಈಗಾಗಲೇ ತರಿಸುತ್ತಿರುವ ಲೈನಿಗೆ ಸೇರಿಕೊಂಡವು ಎಂಎಸ್‌ಎಚ್‌ಆರ್ ಹಿಟ್. ಹೊಸದಾಗಿ ಕೆಳಗಿನ ಹಂತಕ್ಕೆ ಹೋದವು ಎಂಎಸ್‌ಎಚ್‌ಆರ್ ಮಿಸ್. ನಮ್ಮ ಲೆಕ್ಕಕ್ಕೆ ಹೊಂದಬೇಕಾದದ್ದು ಎರಡನೆಯದು. ಕಾಯುವಿಕೆಗಳು ಒಂದರ ಮೇಲೊಂದು ಬೀಳುವ ಈ ಮಾದರಿಯಲ್ಲಿ ಒಟ್ಟು ಮಿಸ್ ವಿಳಂಬವು ಇಡೀ ಓಟದ ಅವಧಿಯನ್ನೇ ಮೀರಿದರೂ ಅದು ದೋಷವಲ್ಲ.

ಇನ್ನು ಟೈಮಿಂಗ್ ಸಿಂಪಲ್ ಮಾದರಿಗೆ ಮರಳಿ, ಮ್ಯಾಟ್ರಿಕ್ಸನ್ನು ಕಂಬದ ಗುಂಟ ಓದಿಸಬೇಕು. ಒಂದು ಅಂಶದಿಂದ ಮುಂದಿನದಕ್ಕೆ 8192 ಬೈಟ್, ಅಂದರೆ 128 ಲೈನ್ ಅಂತರ. ಮೊದಲ ಕ್ಯಾಶ್‌ನಲ್ಲಿ 64 ಸೆಟ್‌ಗಳಿರುವುದರಿಂದ ಇಡೀ ಕಂಬ ಒಂದೇ ಸೆಟ್‌ಗೆ ಬಂದು ಬೀಳುತ್ತದೆ. 512 ಸೆಟ್‌ಗಳ ಎರಡನೇ ಕ್ಯಾಶ್‌ನಲ್ಲಿ ನಾಲ್ಕೇ ಸೆಟ್‌ಗಳಿಗೆ. ಸೆಟ್‌ಗೆ 8 ಲೈನ್‌ಗಷ್ಟೇ ಜಾಗವಿರುವುದರಿಂದ 10,48,576 ಓದುಗಳೆಲ್ಲವೂ ಎರಡೂ ಕಡೆ ಮಿಸ್ ಆಗಿ, ಮೆಮೊರಿ ಕಂಟ್ರೋಲರ್ ಓದಿದ ಬೈಟ್‌ಗಳು 8 ಎಂಬಿ ಬದಲು 64 ಎಂಬಿ ಎಂದು ತೋರಬೇಕು. ತಾಳೆಯಾಗದಿದ್ದರೆ ಅದೇ ಫೋಲ್ಡರಿನ ಸಂರಚನಾ ಕಡತ ತೆರೆದು ಕ್ಯಾಶ್‌ನ ಗಾತ್ರವನ್ನು ಪರಿಶೀಲಿಸಬೇಕು.

ಕೊನೆಗೆ ಪ್ರತಿ ಸಾಲಿನ ತುದಿಗೆ ಬಳಸದ 8 ಅಂಶಗಳನ್ನು ಸೇರಿಸಿ ಮತ್ತೆ ಓಡಿಸಿ. ಅಂತರ 129 ಲೈನ್ ಆಗಿ ಕಂಬವು ಎಲ್ಲ ಸೆಟ್‌ಗಳಿಗೂ ಹರಡಿಕೊಳ್ಳುತ್ತದೆ. ಮೊದಲ ಕ್ಯಾಶ್‌ನಲ್ಲಿ ಸೆಟ್‌ಗೆ 16 ಲೈನ್ ಬರುವುದರಿಂದ ಅಲ್ಲಿನ ಮಿಸ್ ಸಂಖ್ಯೆ ಕದಲುವುದಿಲ್ಲ. ಎರಡನೆಯದರಲ್ಲಿ ಸೆಟ್‌ಗೆ ಎರಡೇ ಬರುವುದರಿಂದ ಅದರ ಮಿಸ್ ದರ ಶೇ 12.5ಕ್ಕೂ, ಮೆಮೊರಿಯಿಂದ ಓದಿದ ಪ್ರಮಾಣ ಸುಮಾರು 8 ಎಂಬಿಗೂ ಇಳಿಯುತ್ತದೆ. ಮೊದಲ ಹಂತದ ಸಾಲನ್ನಷ್ಟೇ ನೋಡಿದವರಿಗೆ ಓಟದ ಸಮಯ ಏಕೆ ಕಡಿಮೆಯಾಯಿತು ಎಂಬುದು ತಿಳಿಯುವುದೇ ಇಲ್ಲ.