ಎಳೆ ಕಾಯಿ, ಹಳೆ ಸೀರೆ

ಚಳಿಗಾಲದಲ್ಲಿ ಬೆಳಗ್ಗೆ ಹಿತ್ತಲು, ಮಧ್ಯಾಹ್ನ ಕೌದಿ, ಅಂದರೆ ಹಳೆ ಬಟ್ಟೆಯ ಹೊದಿಕೆ ಹೊಲಿಯುವುದು. ನನಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಧಾರವಾಡದ ನಮ್ಮ ಮನೆಯ ಹಿಂದಿನ ಜಾಗ ಸಣ್ಣದೇ. ಅದರಲ್ಲೇ ಬದನೆ, ಚವಳಿ (ಗೋರಿಕಾಯಿ), ಮೆಂತ್ಯ, ಬೇಲಿಗೆ ಹಬ್ಬಿಸಿದ ಅವರೆ.

ಕೊಯ್ಯುವುದಕ್ಕೂ ಒಂದು ಹದ ಇದೆ. ಬದನೆಕಾಯಿ ಮಿರಮಿರ ಹೊಳೆಯುತ್ತಿರಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರಬೇಕು. ಹೊಳಪು ಹೋಯಿತೆಂದರೆ ಒಳಗೆ ಬೀಜ ಬಲಿತಿದೆ ಅಂತಲೇ ಲೆಕ್ಕ. ಅಂಥದ್ದರ ಎಣ್ಣೆಗಾಯಿ ಕಹಿ. ತೊಟ್ಟನ್ನು ಕತ್ತರಿಯಿಂದಲೇ ಕತ್ತರಿಸುತ್ತೇನೆ, ಜಗ್ಗಿದರೆ ಟೊಂಗೆ ಸಿಗಿಯುತ್ತದೆ. ಚವಳೀಕಾಯಿಗೆ ಇನ್ನೂ ಅವಸರ, ಎರಡು ದಿನ ಬಿಟ್ಟರೆ ನಾರು. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂವೂ ಕಡಿಮೆ. ಅದಕ್ಕೇ ಮನೆಗೆ ಬೇಕಿರಲಿ ಬಿಡಲಿ, ಕೊಯ್ದೇ ಕೊಯ್ಯುತ್ತೇನೆ. ಜಾಸ್ತಿಯಾದದ್ದು ಪಕ್ಕದ ಮನೆಗೆ.

ಅವರೆಗೆ ಮಾತ್ರ ತಾಳ್ಮೆ ಬೇಕು. ನಾಟಿ ಬಳ್ಳಿ ಮಳೆಗಾಲವೆಲ್ಲ ಬರೀ ಎಲೆ, ಹಗಲು ಚಿಕ್ಕದಾದ ಮೇಲೇ ಹೂ. ಬಂಜೆ ಬಳ್ಳಿ ಅಂತ ಕಿತ್ತು ಹಾಕಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿ ಯಾವ ಕಾಲಕ್ಕೂ ಕಾಯಿ ಕೊಡುತ್ತದೆ, ನಿಜ. ಆದರೂ ಸೊಗಡಿಗಾಗಿ ನಾನು ನಾಟಿಯನ್ನೇ ಹಾಕುತ್ತೇನೆ.

ಕಾಯಿ ಎಳೆಯದಾಗಿರಬೇಕು. ಕೌದಿಯ ಬಟ್ಟೆ ಮಾತ್ರ ಹಳೆಯದಾದಷ್ಟೂ ಚೆನ್ನ. ಎಷ್ಟೋ ಸಲ ಒಗೆದ ಹತ್ತಿ ಸೀರೆ ಕುಗ್ಗುವಷ್ಟು ಕುಗ್ಗಿರುತ್ತದೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ. ಹೊಸ ತುಂಡು ಸೇರಿಸಿದರೆ ಒಗೆದಾಗ ಅದೊಂದೇ ಮುದುಡಿ ಸುತ್ತಲಿನದನ್ನೂ ಎಳೆಯುತ್ತದೆ. ಕೆಂಪು ಬಟ್ಟೆಯನ್ನು ಮೊದಲೇ ನೆನೆಸಿ, ನೀರು ತಿಳಿಯಾಗುವವರೆಗೆ ಒಗೆಯುತ್ತೇನೆ.

ಅತ್ತೆ ಕಲಿಸಿದ ಪದ್ಧತಿ ಇದು. ಪಡಸಾಲೆಯಲ್ಲಿ ಸೀರೆ ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು, ಅದರ ಮೇಲೆ ಹಳೆ ಬಟ್ಟೆಯ ಪದರ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ಹೊಲಿಗೆ ಅಂಚಿನಿಂದ ಶುರು. ಸುತ್ತು ಸುತ್ತಾಗಿ ನಡುವಿಗೆ ಬರುತ್ತೇನೆ, ಸಾಲಿಂದ ಸಾಲಿಗೆ ಒಂದು ಬೆರಳಿನಷ್ಟು ಅಂತರ. ಎಡಗೈ ಬಟ್ಟೆಯ ಕೆಳಗೆ. ಸೂಜಿಯ ಮೊನೆ ಬೆರಳಿಗೆ ತಾಕಿದರೆ ಎಲ್ಲ ಪದರ ದಾಟಿದೆ ಅಂತ. ನಾಲ್ಕೈದು ಹೊಲಿಗೆ ಸೂಜಿಗೇರಿಸಿಕೊಂಡು ಒಮ್ಮೆಲೇ ದಾರ ಎಳೆಯುತ್ತೇನೆ. ಎಳೆದ ಮೇಲೆ ಅಂಗೈಯಿಂದ ಆ ಸಾಲನ್ನು ಒಮ್ಮೆ ತೀಡಬೇಕು, ಇಲ್ಲದಿದ್ದರೆ ನೆರಿಗೆ ಕೂರುತ್ತದೆ. ತುಂಡಿನ ಅಂಚನ್ನು ಮೊದಲೇ ಹೊಲಿದಿಡುವುದಿಲ್ಲ, ಸಾಲು ಅಲ್ಲಿಗೆ ಬಂದಾಗ ಒಳಗೆ ಮಡಚಿಕೊಂಡು ಮುಂದೆ ಹೋಗುತ್ತೇನೆ.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆ ಸೇರಿಸುತ್ತಾರೆ. ಅದಕ್ಕೆ ಫುಲ ಅನ್ನುತ್ತಾರೆ. ಅವರ ಬಣ್ಣದ ಧೈರ್ಯ ನೋಡಿದ ಮೇಲೆ ನಾನು ಹಳದಿಯ ಪಕ್ಕ ನೀಲಿ ಇಡಲು ಹಿಂಜರಿಯುವುದಿಲ್ಲ. ಅಂಗಡಿಯ ರಗ್ಗಿನಲ್ಲಿ ಈ ಖುಷಿ ಎಲ್ಲಿದೆ?

ಈಗ ಹೊಲಿಯುತ್ತಿರುವುದು ಮಗಳಿಗೆ. ಅವಳು ಚಿಕ್ಕವಳಿದ್ದಾಗಿನ ಲಂಗಗಳೂ ಇದರಲ್ಲಿವೆ. ಸಂಕ್ರಾಂತಿಗೆ ಬರುವವಳಿದ್ದಾಳೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆಗೆ ಬದನೆ, ಅವರೆ, ಮೆಂತ್ಯ ಎಲ್ಲ ಹಿತ್ತಲಿನದೇ. ವಾಪಸ್ ಹೋಗುವಾಗ ಕೌದಿ ಅವಳ ಜೊತೆ ಬೆಂಗಳೂರಿಗೆ.